ಕಪ್ಪು ಕಾಡಿಗೆಯಷ್ಟೇ ಇರಲಿ

ಮನೆಗೆ ಕಪ್ಪು ಬಣ್ಣ ಬೇಡವೇ ಬೇಡ ಅನ್ನುವವರೂ ಮಗುವಿನ ಕೆನ್ನೆಗೆ ದೃಷ್ಟಿಬೊಟ್ಟು ಇಟ್ಟೇ ಇಡುತ್ತಾರೆ. ಆ ಬೊಟ್ಟಿನ ಅಳತೆ ಗೊತ್ತಿದ್ದರೆ ಮನೆಗೂ ಕಪ್ಪು ಒಪ್ಪುತ್ತದೆ. ಮೂಡಿಗೆರೆ, ಸಕಲೇಶಪುರದ ಕಡೆಯ ಹಂಚಿನ ಮನೆಗಳಲ್ಲಿ ಬೆಳಕು ಮೊದಲೇ ಕಮ್ಮಿ, ಮಳೆಗಾಲದಲ್ಲಂತೂ ಹಗಲಲ್ಲೇ ದೀಪ ಹಾಕಬೇಕು. ಅಲ್ಲಿ ಇಡೀ ಗೋಡೆಗೆ ಕಪ್ಪು ಬಳಿದರೆ ಇದ್ದಷ್ಟು ಬೆಳಕನ್ನೂ ನುಂಗಿಬಿಡುತ್ತದೆ. ಗೆರೆಯಾಗಿ ಎಳೆಯಿರಿ, ಸಾಕು.

ಮೊದಲು ಕಿಟಕಿಯ ಸರಳಿಗೆ ಹಚ್ಚಿ. ಬಿಳಿ ಸರಳಿದ್ದರೆ ಕಣ್ಣು ಅದಕ್ಕೇ ತಾಗುತ್ತದೆ; ಕಪ್ಪಾದರೆ ಸರಳು ಮರೆಯಾಗಿ ಆಚೆಯ ತೋಟ ಕಾಣುತ್ತದೆ. ತಂತಿ ಬ್ರಷ್‌ನಿಂದ ತುಕ್ಕು ಕೆರೆದು, 80 ನಂಬರ್ ಉಪ್ಪುಕಾಗದದಿಂದ ಉಜ್ಜಿ, ಟರ್ಪೆಂಟೈನ್ ಬಟ್ಟೆಯಲ್ಲಿ ಒರೆಸಿ. ರೆಡ್ ಆಕ್ಸೈಡ್ ಪ್ರೈಮರ್ ಒಂದು ಕೈ ಹಚ್ಚಿ ಒಂದು ರಾತ್ರಿ ಒಣಗಲು ಬಿಡಿ. ಆಮೇಲೆ ಎನಾಮೆಲ್ ಎರಡು ಕೈ, ತೆಳ್ಳಗೆ. ಒಂದೇ ಸಲ ದಪ್ಪ ಬಳಿದರೆ ಸೋರಿ ಹನಿಗಟ್ಟುತ್ತದೆ. ಎರಡು ಕೈಗಳ ನಡುವೆಯೂ ಒಂದು ರಾತ್ರಿ ಬಿಡುವಿರಲಿ. ಸರಳು ಚೌಕಟ್ಟಿನೊಳಗೆ ಇಳಿಯುವ ಸಂದಿಯನ್ನು ಪೇಂಟರುಗಳು ಸಾಮಾನ್ಯವಾಗಿ ಬಿಟ್ಟೇ ಬಿಡುತ್ತಾರೆ. ಎರಚಲು ನೀರು ನಿಲ್ಲುವುದು ಅಲ್ಲೇ, ತುಕ್ಕು ಶುರುವಾಗುವುದೂ ಅಲ್ಲೇ. ಸಣ್ಣ ಬ್ರಷ್ ತೆಗೆದುಕೊಂಡು ಆ ಬುಡವನ್ನು ನೀವೇ ತುಂಬಿಸಿ. ಇದೆಲ್ಲ ಡಿಸೆಂಬರ್‌ನಿಂದ ಮಾರ್ಚ್‌ವರೆಗಿನ ಕೆಲಸ. ಗಾಳಿಯಲ್ಲಿ ತೇವವಿರುವ ದಿನ ಬಳಿದರೆ ಹೊಳಪು ಸತ್ತು ಬೂದಿ ಬಣ್ಣಕ್ಕೆ ತಿರುಗುತ್ತದೆ.

ಕಾವಿ ನೆಲಕ್ಕೆ ಗೋಡೆಯ ಬುಡದಲ್ಲಿ ನಾಲ್ಕರಿಂದ ಆರು ಇಂಚಿನ ಕಪ್ಪು ಅಂಚು ಹಳೆಯ ಪದ್ಧತಿ. ನೆಲ ಒರೆಸುವಾಗ ಗೋಡೆಗೆ ಹಾರುವ ಕಲೆಯನ್ನೂ ಅದು ಮುಚ್ಚುತ್ತದೆ. ಪೂರ್ತಿ ಕಪ್ಪು ನೆಲ ಮಾತ್ರ ಬೇಡ. ಕಪ್ಪು ಕೊಳೆ ಮುಚ್ಚುತ್ತದೆ ಅನ್ನುವುದು ಸುಳ್ಳು. ಧೂಳು, ಹೆಜ್ಜೆ, ಒಣಗಿದ ನೀರಿನ ಕಲೆ ಎಲ್ಲವೂ ಬೆಳ್ಳಗೆ ಎದ್ದು ಕಾಣುತ್ತವೆ.

ಅಡುಗೆಮನೆ ಕಟ್ಟೆಗೆ ಕಪ್ಪು ಕಲ್ಲು ಹಾಕಿಸುವವರು ಅದು ಕಡಪವೋ ಗ್ರಾನೈಟೋ ಅಂತ ಮೊದಲು ತಿಳಿಯಿರಿ. ಕಡಪ ಸುಣ್ಣದ ಕಲ್ಲು. ಹುಣಸೆರಸವೋ ನಿಂಬೆರಸವೋ ಬಿದ್ದು ಕೂತರೆ ಅಲ್ಲಿ ಹೊಳಪು ಹೋಗಿ ಬಿಳಿ ಮಚ್ಚೆ ಬೀಳುತ್ತದೆ. ಅದು ಕೊಳೆಯಲ್ಲ, ಕಲ್ಲೇ ಕರಗಿರುವುದು. ಎಷ್ಟು ಉಜ್ಜಿದರೂ ಹೋಗದು, ಮತ್ತೆ ಪಾಲಿಶ್ ಹಾಕಿಸಬೇಕು. ಅಂಗಡಿಯಲ್ಲಿ ಒಂದು ತುಂಡು ಕೇಳಿ ತನ್ನಿ, ಎರಡು ಹನಿ ನಿಂಬೆರಸ ಬಿಟ್ಟು ಅರ್ಧ ಗಂಟೆ ಕಾಯಿರಿ. ಮಚ್ಚೆ ಬಿದ್ದರೆ ಅದನ್ನು ಪುಸ್ತಕದ ಗೂಡಿಗೆ ಹಾಕಿಸಿ, ಒಲೆಯ ಪಕ್ಕ ಬೇಡ. ಗ್ರಾನೈಟಿಗೆ ಈ ಕಾಟವಿಲ್ಲ.

ದುಡ್ಡು ಖರ್ಚಿಲ್ಲದ ಕಪ್ಪು ಬೇಕಾದರೆ ಅಟ್ಟ ಹುಡುಕಿ, ಹಳೆಯ ಮರಿಗೆ, ಅಂದರೆ ಕಲ್ಲಿನ ಪಾತ್ರೆ, ಸಿಕ್ಕೀತು. ಬಳಪದ ಕಲ್ಲು ಅದು, ಬೇಲೂರು-ಹಳೇಬೀಡಿನ ಶಿಲ್ಪಗಳ ಜಾತಿಯದ್ದೇ. ಸೋಪು ಮುಟ್ಟಿಸದೆ ಬಿಸಿನೀರಲ್ಲಿ ತೊಳೆದು, ಎರಡು ದಿನ ನೆರಳಲ್ಲಿ ಒಣಗಿಸಿ, ಕೊಬ್ಬರಿ ಎಣ್ಣೆ ತೆಳ್ಳಗೆ ಸವರಿ. ಮೂರು ದಿನ ದಿನಕ್ಕೊಂದು ಸಲ ಸವರಿ ಒರೆಸಿದರೆ ಬೂದುಗಲ್ಲು ಕಪ್ಪಗಾಗುತ್ತದೆ. ಎಣ್ಣೆ ಜಾಸ್ತಿಯಾದರೆ ಅಂಟಂಟಾಗಿ ಧೂಳು ಮೆತ್ತಿಕೊಳ್ಳುತ್ತದೆ. ಬಿಳಿ ಗೋಡೆಯೆದುರು ಇಟ್ಟು ನಾಲ್ಕು ಜರಿಗಿಡದ ಎಲೆ ಸಿಕ್ಕಿಸಿ.

ಫೋಟೋಗಳಿಗೆ ಕಪ್ಪು ಕಟ್ಟು ಹಾಕಿಸಿದರೆ ಹಿಂಬದಿಯ ಕೆಳಮೂಲೆಗಳಿಗೆ ಕಾಲಿಂಚು ದಪ್ಪದ ರಬ್ಬರ್ ತುಂಡು ಅಂಟಿಸಿ, ಗೋಡೆಗೂ ಕಟ್ಟಿಗೂ ನಡುವೆ ಗಾಳಿ ಆಡಬೇಕು. ಇಲ್ಲವಾದರೆ ಜುಲೈ ಹೊತ್ತಿಗೆ ಕಟ್ಟಿನ ಸುತ್ತ ಬೂಷ್ಟು ಹಿಡಿದಿರುತ್ತದೆ, ಕಪ್ಪಿನ ಮೇಲೆ ಅದು ಹಿಟ್ಟು ಚೆಲ್ಲಿದ ಹಾಗೆ ಕಾಣುತ್ತದೆ.