ಕೆರೆದರೆ ಬೆಳ್ಳಿ ಹೋಗಬೇಕು, ಅಕ್ಷರ ಉಳಿಯಬೇಕು

ಗುಳೇದಗುಡ್ಡದಲ್ಲಿ ನಮ್ಮಕ್ಕನ ಖಣದ ಅಂಗಡಿ. ಯುಗಾದಿ ಮುಂದೆ ಫೋನ್ ಮಾಡಿ, "ತಮ್ಮಾ, ಆ ಕೆರಿಯೋ ಕಾರ್ಡ್ ಇರ್ತಾವಲ್ಲ, ಇನ್ನೂರು ಮಾಡ್ಕೊಡೋ" ಅಂದಳು. ಬೆಳ್ಳಿ ಬಣ್ಣ ಕೆರೆದರೆ ಕೆಳಗೆ ಬಹುಮಾನದ ಹೆಸರು ಕಾಣೋ ಸ್ಕ್ರ್ಯಾಚ್ ಕಾರ್ಡ್. ಬಾಗಲಕೋಟೆಯಲ್ಲಿ ಮದುವೆ ಕಾರ್ಡ್ ಸ್ಕ್ರೀನ್ ಪ್ರಿಂಟ್ ಮಾಡೋ ನನಗೆ ಇದೇನು ಮಹಾ ಅನ್ನಿಸಿತು.

ಸಿಲ್ವರ್ ಅಕ್ರಿಲಿಕ್ ಬಣ್ಣಕ್ಕೆ ಪಾತ್ರೆ ತೊಳೆಯೋ ಲಿಕ್ವಿಡ್ ಬೆರೆಸಬೇಕು, ಆಗ ಬಣ್ಣ ಗಟ್ಟಿಯಾಗಿ ಕಚ್ಚಿಕೊಳ್ಳಲ್ಲ. ಇಷ್ಟು ಗೊತ್ತಿತ್ತು. 300 ಜಿಎಸ್‌ಎಂನ ದಪ್ಪ ಕಾರ್ಡ್ ಮೇಲೆ ನೇರವಾಗಿ ಎಳೆದೆ. ಅಕ್ಕ ನಾಣ್ಯದಿಂದ ಕೆರೆದು ನೋಡಿ, "ಅಕ್ಷರಾನೂ ಬಂದ್ವಲ್ಲೋ!" ಅಂದಳು. ಕಾಗದ ಬಣ್ಣ ಕುಡಿದುಬಿಟ್ಟಿತ್ತು. ಬೆಳ್ಳಿಗಿಂತ ಅದರ ಕೆಳಗಿನ ಪದರವೇ ಮುಖ್ಯ ಅಂತ ತಿಳಿದದ್ದು ಆಗ. ಅಕ್ಷರ ಅಚ್ಚಾದ ಮೇಲೆ ಹೊಳಪಿನ (ಗ್ಲಾಸಿ) ಲ್ಯಾಮಿನೇಷನ್ ಹಾಕಿಸಿದೆ. ನಾಲ್ಕೈದು ಕಾರ್ಡಷ್ಟೇ ಬೇಕಿದ್ದರೆ ಅಗಲದ ಸೆಲ್ಲೋಟೇಪ್ ಅಂಟಿಸಿದರೂ ನಡೆಯುತ್ತೆ.

ಎರಡನೇ ಸಲ ಅರ್ಧಕ್ಕರ್ಧ ಲಿಕ್ವಿಡ್ ಹಾಕಿದೆ. ಕಟ್ಟು ಕಟ್ಟಿ ಇಟ್ಟರೆ ಬೆಳ್ಳಿ ಮೇಲಿನ ಕಾರ್ಡಿಗೆ ಹತ್ತಿಕೊಂಡಿತು. ಕೊನೆಗೆ ಎರಡು ಚಮಚ ಬಣ್ಣಕ್ಕೆ ಒಂದು ಚಮಚ ಲಿಕ್ವಿಡ್ ಸರಿಹೋಯಿತು. ನಿಧಾನಕ್ಕೆ ಕಲಸಬೇಕು, ಬುರುಗು ಎದ್ದರೆ ಪ್ರಿಂಟಲ್ಲಿ ತೂತು ಬೀಳುತ್ತವೆ.

ಇದಕ್ಕೆ ಸ್ಕ್ರೀನ್ ಮೇಲೆ ಚಿತ್ರ ಮೂಡಿಸೋ ಇಮಲ್ಷನ್, ಎಕ್ಸ್‌ಪೋಸಿಂಗ್ ಏನೂ ಮಾಡಲಿಲ್ಲ. ಬೇಕಾಗಿದ್ದು ಬರೀ ಒಂದು ಚೌಕ. ಬರೀ ಬಟ್ಟೆ ಬಿಗಿದ ಫ್ರೇಮಿನ ಅಡಿಗೆ ಟೇಪ್ ಅಂಟಿಸಿ ಚೌಕದಷ್ಟು ಕಿಟಕಿ ಬಿಟ್ಟೆ. ಟೇಪಿನ ದಪ್ಪದಿಂದ ಬಣ್ಣವೂ ತುಸು ದಪ್ಪಗೆ ಕೂತಿತು. ಈ ಜಾಲರಿ ಬಟ್ಟೆ (ಮೆಶ್) ಮಾತ್ರ ಒರಟಿರಬೇಕು. ಮದುವೆ ಕಾರ್ಡಿನ ಸಣ್ಣ ಮೆಶ್‌ನಲ್ಲಿ ಬೆಳ್ಳಿಯ ಮಿನುಗುಪುಡಿ ಸಿಕ್ಕಿಕೊಳ್ಳುತ್ತೆ. ನಾನು 80 ನಂಬರಿನ ಒರಟು ಮೆಶ್ ಹಾಕಿದೆ.

ಆಮೇಲೆ ನಮ್ಮೂರ ಬಿಸಿಲು! ಹನ್ನೊಂದು ಗಂಟೆಗೆ ಫ್ಯಾನಿನ ಕೆಳಗೆ ಕೂತರೆ ಹತ್ತು ಕಾರ್ಡಿಗೆ ಮೆಶ್‌ನಲ್ಲಿ ಬಣ್ಣ ಒಣಗಿ ಬಂದ್. ನಸುಕಿನ ಐದಕ್ಕೆದ್ದು, ಫ್ಯಾನ್ ಆರಿಸಿ, ಪ್ರತಿ ಸಲ ಎಳೆದ ಮೇಲೆ ಸ್ಕ್ವೀಜಿಯಿಂದ (ಬಣ್ಣ ಎಳೆಯೋ ರಬ್ಬರ್ ಪಟ್ಟಿ) ಬಣ್ಣವನ್ನು ಮತ್ತೆ ಕಿಟಕಿ ಮೇಲೆ ಹರಡಿಟ್ಟೆ. ಪಕ್ಕಕ್ಕೊಂದು ಒದ್ದೆ ಅರಿವೆ.

ಎಲ್ಲ ಮುಗಿಯಿತು ಅನ್ನೋವಾಗ ಅಕ್ಕನ ಮಗಳು ಮೊಬೈಲ್ ಟಾರ್ಚ್ ಹಿಂದೆ ಹಿಡಿದು, "ಮಾಮಾ, ಇದರಾಗ ಖಣ ಐತಿ ನೋಡು" ಅಂದಳು. ಕೆರೆಯದೇ ಅಕ್ಷರ ಕಾಣುತ್ತಿತ್ತು. ಮತ್ತೆ ಶುರು. ಮೊದಲ ಪದರದ ಬೆಳ್ಳಿ ಬಣ್ಣಕ್ಕೆ ಚೂರು ಕಪ್ಪು ಬೆರೆಸಿದೆ. ಕಪ್ಪು ಅಕ್ಷರ ಅದರಲ್ಲೇ ಮುಳುಗಿತು. ಅದು ಪೂರ್ತಿ ಒಣಗಿದ ಮೇಲೆ ಬೆಳ್ಳಿಯದು ಇನ್ನೊಂದು ಕೋಟು.

ಕೆಟ್ಟ ಕಾರ್ಡುಗಳನ್ನೆಲ್ಲ ಅವಳೇ ಕಟ್ಟೆ ಮೇಲೆ ಕೂತು ಕೆರೆದಳು. ಸಂಜೆ ಅಕ್ಕನ ಮುಂದೆ ನಿಂತು, ತನಗೆ ಆರು ಖಣ ಬರಬೇಕು ಅಂತ ಲೆಕ್ಕ ಒಪ್ಪಿಸಿದಳು.