ತಿಂಡಿಯ ಸೊನ್ನೆ

ನನ್ನದು ಬೋರ್ಡ್ ಕೆಲಸ. ಚಾಮರಾಜಪೇಟೆಯಲ್ಲಿ ಅಂಗಡಿ. ಫ್ಲೆಕ್ಸ್, ಎಲ್‌ಇಡಿ ಎರಡೂ ಮಾಡುತ್ತೇನೆ. ಗಾಜಿನ ಕೊಳವೆಯೊಳಗೆ ಅನಿಲ ಹೊಳೆಯುವ ಹಳೇ ನಿಯಾನ್ ಬೋರ್ಡುಗಳನ್ನು ಇಳಿಸಿ ಗುಜರಿಗೆ ಹಾಕಿದ ಪಾಪವೂ ನನ್ನ ಲೆಕ್ಕದಲ್ಲಿ ಸಾಕಷ್ಟಿದೆ.

2024ರಲ್ಲಿ ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕು ಅಂತ ಆದಾಗ ನಮಗೆಲ್ಲ ಕೈತುಂಬ ಕೆಲಸ. ಗಾಂಧಿನಗರದ ಒಂದು ಹಳೇ ಹೋಟೆಲ್‌ನವರೂ ಕರೆದರು. ಇಂಗ್ಲಿಷ್ ಫ್ಲೆಕ್ಸ್ ಬಿಚ್ಚಿದರೆ ಹಿಂದೆ ತಗಡಿನ ಪೆಟ್ಟಿಗೆ. ಅದರ ಮೇಲೆ ಗಾಜಿನ ಅಕ್ಷರದಲ್ಲಿ 'ಊಟ ತಿಂಡಿ'. ನೂರಕ್ಕೆ ನೂರು ಕನ್ನಡ!

"ಅದು ಸತ್ತು ಇಪ್ಪತ್ತು ವರ್ಷ ಆಯ್ತು, ಕಿತ್ತು ಬಿಸಾಕಿ" ಅಂದರು ಮಾಲೀಕರು.

"ಒಂದು ತಿಂಗಳು ಟೈಮ್ ಕೊಡಿ ಯಜಮಾನ್ರೇ" ಅಂದೆ.

ನಿಯಾನ್ ಅಷ್ಟು ಸುಲಭವಾಗಿ ಸಾಯುವುದಿಲ್ಲ. ಬಲ್ಬಿನ ಹಾಗೆ ಸುಟ್ಟುಹೋಗುವ ತಂತಿ ಅದರೊಳಗೆ ಇಲ್ಲ. ಇರುವುದು ಚೂರು ಅನಿಲ, ಎರಡು ತುದಿಗೆ ಕರೆಂಟ್ ಒಳಗೆ ಬಿಡುವ ಎರಡು ಎಲೆಕ್ಟ್ರೋಡ್, ಅಷ್ಟೇ. 1910ರಲ್ಲಿ ಫ್ರಾನ್ಸಿನ ಎಂಜಿನಿಯರ್ ಜಾರ್ಜ್ ಕ್ಲೋಡ್ ಪ್ಯಾರಿಸ್‌ನಲ್ಲಿ ಉರಿಸಿ ತೋರಿಸಿದ ದೀಪದ ತತ್ವವೇ ಇವತ್ತಿಗೂ ನಡೆಯುತ್ತಿದೆ. ಹಾಗಾಗಿ ಬೋರ್ಡ್ ಉರಿಯದಿದ್ದರೆ ನಾನು ಮೊದಲು ಅನುಮಾನಪಡುವುದು ಟ್ರಾನ್ಸ್‌ಫಾರ್ಮರ್ ಮೇಲೆ, ಆಮೇಲೆ ವೈರ್ ಮೇಲೆ. ಗಾಜಿನ ಮೇಲೆ ಕಟ್ಟಕಡೆಗೆ. ಇಲ್ಲೂ ಹಾಗೇ ಆಯಿತು. ಒಳಗೆ ಟಾರು ತುಂಬಿದ ಹಳೇ ಟ್ರಾನ್ಸ್‌ಫಾರ್ಮರ್ ಹೋಗಿತ್ತು. ಕಿಡಿ ಹಾರಿಸುವ ಟೆಸ್ಟರ್ ಕಾಯಿಲ್ ಹಿಡಿದೆ. 'ಊಟ' ಮುಟ್ಟಿದ ಕೂಡಲೇ ಕೆಂಪಗೆ ಮಿನುಗಿತು. 'ತಿಂಡಿ' ಮಿಸುಕಲಿಲ್ಲ. ಎಲೆಕ್ಟ್ರೋಡ್ ಹತ್ತಿರ ಕೂದಲೆಳೆಯಷ್ಟು ಬಿರುಕು, ಒಳಗೆ ಗಾಳಿ ಹೊಕ್ಕಿತ್ತು. ಎರಡೂ ಒಂದೇ ಸರಣಿಯಲ್ಲಿ ಇರುವುದರಿಂದ ತಿಂಡಿ ಕೆಟ್ಟರೆ ಊಟವೂ ಇಲ್ಲ!

ಗಾಜು ಬಗ್ಗಿಸುವವರು ಈಗ ಸಿಗುವುದೇ ಕಷ್ಟ. ಶಿವಾಜಿನಗರದಲ್ಲಿ ಒಬ್ಬ ಹಿರಿಯರಿದ್ದಾರೆ, ನಾವೆಲ್ಲ ಭಾಯ್ ಅಂತೀವಿ. ಅವರು ಟ್ಯೂಬ್ ತಿರುಗಿಸಿ ನೋಡಿ, ಸೊನ್ನೆಯ ಮೇಲೆ ಬೆರಳಿಟ್ಟರು. ಗಾಜಿನಲ್ಲಿ ಪೂರ್ತಿ ಮುಚ್ಚಿದ ಸೊನ್ನೆ ಬರೆಯೋಕಾಗಲ್ಲ. ಕೊಳವೆ 'ತಿ'ಯಿಂದ ಬರಬೇಕು, 'ಡಿ'ಗೆ ಹೋಗಬೇಕು. ಅದಕ್ಕೆ ಸುತ್ತು ಮುಗಿಯುವ ಕಡೆ ಒಂದು ಸಂದು ಬಿಟ್ಟು ಎರಡೂ ತುದಿ ಹಿಂದಕ್ಕೆ ಮಡಚುತ್ತಾರೆ. ಬಹಳ ಜನ ಅಗಲವಾಗಿ ಬಿಟ್ಟುಬಿಡುತ್ತಾರೆ. ಈ ಸೊನ್ನೆಯಲ್ಲಿ ಸಂದು ಅಕ್ಕಿಕಾಳಿನಷ್ಟೇ ಇತ್ತು. ಅದೂ ಕೆಳಗಡೆ, ರಸ್ತೆಯಿಂದ ಕಾಣದ ಹಾಗೆ. ನಕ್ಷೆ ಕನ್ನಡಿಯಲ್ಲಿ ಕಂಡಂತೆ ಉಲ್ಟಾ ಇಟ್ಟುಕೊಂಡು, ಬಾಯಲ್ಲಿ ರಬ್ಬರ್ ಕೊಳವೆ ಕಚ್ಚಿ ಊದುತ್ತಾ ಯಾರೋ ಇಷ್ಟು ಮಾಡಿದ್ದಾರೆ. "ಉಸ್ತಾದ್ ಕೈ ಸಾರ್ ಇದು, ನಾನು ಬಗ್ಗಿಸಲ್ಲ" ಅಂದರು ಭಾಯ್.

ಹಾಗಾಗಿ ಕೆಟ್ಟ ತುದಿಯನ್ನಷ್ಟೇ ಕತ್ತರಿಸಿ ಹೊಸ ಎಲೆಕ್ಟ್ರೋಡ್ ಬೆಸೆದರು. ಪಂಪ್ ಹಾಕಿ ಗಾಳಿ ಎಳೆದು, ಜೋರು ಕರೆಂಟ್ ಹರಿಸಿ ಕಾಯಿಸಿದರು. ಬಿಸಿ ನೋಡಲು ಗಾಜಿನ ಮೇಲೆ ಪೇಪರ್ ಚೂರು. ಅದು ಕಂದು ತಿರುಗಿತು ಅಂದರೆ 200 ಡಿಗ್ರಿ ದಾಟಿದೆ ಅಂತ ಲೆಕ್ಕ. ಒಳಗಿನ ಕೊಳೆಯೆಲ್ಲ ಹೋದ ಮೇಲೆ ನಿಯಾನ್ ತುಂಬಿ ಸೀಲ್. ಕೆಂಪಾದ್ದರಿಂದ ಪಾದರಸದ ತಲೆನೋವಿರಲಿಲ್ಲ. ನೀಲಿ ಬೋರ್ಡ್ ಒಡೆದರೆ ಮಾತ್ರ ಪೊರಕೆ ಹಿಡಿಯಬೇಡಿ, ಅದರಲ್ಲಿ ಪಾದರಸದ ಹನಿ ಇರುತ್ತದೆ.

ಇನ್ನು ನನ್ನ ಘನಕಾರ್ಯ. ಟ್ಯೂಬ್ ಫಳಫಳ ಅನ್ನಲಿ ಅಂತ ಥಿನ್ನರ್‌ನಲ್ಲಿ ಒರೆಸಿದೆ. ಅಕ್ಷರದಿಂದ ಅಕ್ಷರಕ್ಕೆ ಹೋಗುವ ಗಾಜಿಗೆ ಬಳಿದಿದ್ದ ಕಪ್ಪು ಬಣ್ಣವೂ ಹೋಯಿತು. ಸ್ವಿಚ್ ಹಾಕಿದರೆ ಬೆನ್ನ ಹಿಂದಿನ ಬಾಲಗಳೆಲ್ಲ ಉರಿಯುತ್ತಿವೆ! "ಕ್ಯಾ ಸಾರ್, ತಿಂಡಿ ಹೋಗಿ ಜಿಲೇಬಿ ಆಯ್ತಲ್ಲ" ಅಂತ ಭಾಯ್ ನಕ್ಕಿದ್ದೇ ನಕ್ಕಿದ್ದು. ಎರಡು ದಿನ ಕೂತು ಸಣ್ಣ ಬ್ರಷ್‌ನಲ್ಲಿ ಮತ್ತೆ ಕಪ್ಪು ಬಳಿದೆ. ಈಗ ಬರೀ ನೀರು, ಮೆತ್ತನೆ ಬಟ್ಟೆ.

ತಗಡಿನ ಹಳೇ ಬಣ್ಣ ಮುಟ್ಟಲಿಲ್ಲ. ತುಕ್ಕು ಹಿಡಿದ ಜಾಗಕ್ಕಷ್ಟೇ ಕೆಲಸ. ಹೊಸ ಪೇಂಟ್ ಹೊಡೆದಿದ್ದರೆ ನೋಡಲು ಚೆನ್ನಾಗಿರುತ್ತಿತ್ತು, ಆದರೆ ಅದು ಬೇರೆಯೇ ಬೋರ್ಡ್ ಆಗುತ್ತಿತ್ತು ಅಲ್ವಾ? ಟ್ರಾನ್ಸ್‌ಫಾರ್ಮರ್ ಮಾತ್ರ ಹೊಸದು, ಕರೆಂಟ್ ಸೋರಿದರೆ ತಾನೇ ಆಫ್ ಆಗುವಂಥದ್ದು. ಇಂಥವು 15,000 ವೋಲ್ಟ್‌ವರೆಗೂ ಬರುತ್ತವೆ. ಧೂಳಿನ ಮೇಲೆ ಮಳೆ ಬಿದ್ದರೆ ಆ ಕೆಸರಿನಲ್ಲೇ ಕರೆಂಟ್ ಹರಿಯುತ್ತದೆ. ಪೆಟ್ಟಿಗೆಗೆ ಅರ್ಥಿಂಗ್ ಇಲ್ಲದೆ ಸುಮ್ನೆ ಧೈರ್ಯ ಮಾಡಬೇಡಿ.

ಬೋರ್ಡ್ ಹತ್ತಿಸಿದ ವಾರಕ್ಕೆ ಮಾಲೀಕರ ಫೋನ್. ಏನೋ ಕೆಟ್ಟಿತು ಅಂತ ಗಾಬರಿಯಾದೆ. "ರಾತ್ರಿ ಹನ್ನೊಂದಕ್ಕೂ ಜನ ಬಂದು ಊಟ ಇದೆಯಾ ಅಂತ ಬಾಗಿಲು ಬಡೀತಾರೆ ಕಣ್ರೀ. ಒಂದು ಟೈಮರ್ ಹಾಕಿ ಹೋಗಿ."