ಕ್ಲೀನ್ ಐಎಸ್‌ಓ ಇಟ್ಕೊಂಡು ನಂದೇ ವಿಂಡೋಸ್ ಡಿಸ್ಕ್ ಮಾಡ್ಕೊಂಡಿದ್ದು: ನನ್ನ ಅನುಭವ

ವಿಂಡೋಸ್ ಹಾಕಿದ ಪ್ರತಿ ಸಲಾನೂ ವೈಫೈ ಡ್ರೈವರ್ ಹುಡುಕು, ಅಪ್‌ಡೇಟ್ ಮುಗಿಯೋ ತನಕ ಕಾಯಿ, ಬೇಡದ ಆಪ್‌ಗಳನ್ನ ಒಂದೊಂದಾಗಿ ಕಿತ್ತಾಕು, ಇದೇ ಕೆಲಸ. ಇದನ್ನೆಲ್ಲ ವಿಂಡೋಸ್ ಹಾಕೋ ಡಿಸ್ಕ್ ಒಳಗೇ ಮೊದಲೇ ಮಾಡಿಡೋಣ ಅಂತ ಶುರು ಮಾಡಿದ್ದು. ಯಾರೋ ರೆಡಿ ಮಾಡಿಟ್ಟ "ಲೈಟ್", "ಗೇಮಿಂಗ್" ಐಎಸ್‌ಓಗಳು (ಇಡೀ ಇನ್‌ಸ್ಟಾಲ್ ಡಿಸ್ಕ್‌ನ ಒಂದೇ ಫೈಲ್ ಮಾಡಿಟ್ಟಿದ್ದು) ಬೇಕಾದಷ್ಟು ಸಿಗ್ತವೆ ನಿಜ, ಆದ್ರೆ ಅದ್ರಲ್ಲಿ ಏನು ತೆಗ್ದಿದಾರೆ, ಏನು ತುರುಕಿದಾರೆ ಅಂತ ಗೊತ್ತಾಗೋ ದಾರೀನೇ ಇಲ್ಲ, ಹಾಗಾಗಿ ನಾನಂತೂ ಮುಟ್ಟಲ್ಲ. ಮೈಕ್ರೋಸಾಫ್ಟ್ ಸೈಟಿಂದಾನೇ ಐಎಸ್‌ಓ ಇಳಿಸಿ, ಅಲ್ಲಿ ಕೊಟ್ಟಿರೋ ಎಸ್‌ಎಚ್‌ಎ-256 ಹ್ಯಾಶ್‌ನ (ಫೈಲ್ ಬದಲಾಗಿದ್ಯಾ ಅಂತ ತೋರಿಸೋ ಬೆರಳಚ್ಚಿನಂಥ ಸಂಖ್ಯೆ) ಪವರ್‌ಶೆಲ್‌ನಲ್ಲಿ ತೆಗೆದಿದ್ದಕ್ಕೆ ತಾಳೆ ನೋಡಿ, ಆಮೇಲೇ ಮುಂದಿನ ಕೆಲಸ.

ಐಎಸ್‌ಓ ಒಳಗಿರೋದನ್ನೆಲ್ಲ ಒಂದು ಫೋಲ್ಡರ್‌ಗೆ ಕಾಪಿ ಮಾಡ್ಕೊಬೇಕು. ಅಸಲಿ ವಿಂಡೋಸ್ ಇರೋದು ಸೋರ್ಸಸ್ ಫೋಲ್ಡರ್‌ನ ಇನ್‌ಸ್ಟಾಲ್ ಡಾಟ್ ವಿಮ್ ಅನ್ನೋ ಒಂದು ಫೈಲ್‌ನಲ್ಲಿ. ಮೈಕ್ರೋಸಾಫ್ಟ್‌ನ ಮೀಡಿಯಾ ಕ್ರಿಯೇಷನ್ ಟೂಲ್‌ನಿಂದ ಮಾಡಿದ ಐಎಸ್‌ಓ ಆದ್ರೆ ಅದೇ ಜಾಗದಲ್ಲಿ ಇನ್ನೂ ಹೆಚ್ಚು ಕುಗ್ಗಿಸಿದ ಇಎಸ್‌ಡಿ ಫೈಲ್ ಇರತ್ತೆ, ಅದನ್ನ ತೆರೆದು ತಿದ್ದೋಕೆ ಆಗಲ್ಲ, ಮೊದಲು ವಿಮ್‌ಗೆ ಎಕ್ಸ್‌ಪೋರ್ಟ್ ಮಾಡ್ಕೊಬೇಕು. ಹೋಮ್, ಪ್ರೋ, ಎಜುಕೇಷನ್ ಎಲ್ಲ ಅದೊಂದೇ ಫೈಲ್‌ನಲ್ಲಿ ಬೇರೆ ಬೇರೆ ಇಂಡೆಕ್ಸ್ ನಂಬರ್‌ನಲ್ಲಿ ಇರ್ತವೆ. ನಂಗೆ ಬೇಕಾಗಿದ್ದು ಪ್ರೋ ಮಾತ್ರ, ಅದೊಂದನ್ನೇ ಹೊಸ ವಿಮ್‌ಗೆ ಎಕ್ಸ್‌ಪೋರ್ಟ್ ಮಾಡಿದೆ, ಇಲ್ಲದಿದ್ರೆ ಮುಂದಿನ ಪ್ರತಿ ಬದಲಾವಣೆನೂ ಒಂದೊಂದು ಎಡಿಷನ್‌ಗೂ ಮತ್ತೆ ಮತ್ತೆ ಮಾಡ್ಬೇಕು.

ಇದಕ್ಕೆ ಡಿಸ್ಮ್ ಅನ್ನೋ ಟೂಲ್ ಸಾಕು, ವಿಂಡೋಸ್ ಜೊತೆಗೇ ಬಂದಿರತ್ತೆ, ಅಡ್ಮಿನ್ ಆಗಿ ಕಮಾಂಡ್ ಪ್ರಾಂಪ್ಟ್ ತೆಗೆದು ವಿಮ್‌ನ ಒಂದು ಖಾಲಿ ಫೋಲ್ಡರ್‌ಗೆ ಮೌಂಟ್ ಮಾಡಿದ್ರೆ, ಅಂದ್ರೆ ಬಿಚ್ಚಿ ಜೋಡಿಸಿದ್ರೆ, ಒಳಗಿರೋ ಸಿ ಡ್ರೈವ್ ಪೂರ್ತಿ ಕಾಣತ್ತೆ. ಐಎಸ್‌ಓಯಿಂದ ಕಾಪಿ ಆದ ಫೈಲ್‌ಗೆ ರೀಡ್-ಓನ್ಲಿ ಗುರುತು ಉಳ್ಕೊಂಡಿದ್ರೆ ಮೌಂಟ್ ಆಗಲ್ಲ, ಮೊದಲು ಅದನ್ನ ತೆಗೀಬೇಕು.

ಡ್ರೈವರ್ ವಿಷ್ಯಕ್ಕೆ ಬಂದ್ರೆ, ಕಂಪನಿ ಕೊಡೋ ಸೆಟಪ್ ಡಾಟ್ ಇಎಕ್ಸ್‌ಇ ಇಲ್ಲಿ ನಡೆಯಲ್ಲ, ಡ್ರೈವರ್ ಹೇಗೆ ಹಾಕ್ಬೇಕು ಅಂತ ಬರೆದಿರೋ ಐಎನ್‌ಎಫ್ ಫೈಲ್ ಬೇಕು. ಸುಲಭದ ದಾರಿ ಅಂದ್ರೆ ಚೆನ್ನಾಗಿ ನಡೀತಿರೋ ಅದೇ ಮಾಡೆಲ್ ಮಶೀನ್‌ನಿಂದ ಡಿಸ್ಮ್‌ನಲ್ಲೇ ಎಲ್ಲಾ ಡ್ರೈವರ್ ಒಂದು ಫೋಲ್ಡರ್‌ಗೆ ಎಕ್ಸ್‌ಪೋರ್ಟ್ ಮಾಡಿ, ಆ ಫೋಲ್ಡರ್ ಪೂರ್ತಿ ಮೌಂಟ್ ಮಾಡಿದ ವಿಮ್‌ಗೆ ಸೇರಿಸೋದು. ಇಲ್ಲೊಂದು ಗಮನಿಸ್ಬೇಕು. ಇಂಟೆಲ್ 11ನೇ ಜನರೇಷನ್ ಆದ್ಮೇಲಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ವಿಎಂಡಿ (ಎಸ್‌ಎಸ್‌ಡಿಗಳನ್ನ ನಿಭಾಯಿಸೋ ಇಂಟೆಲ್ ವ್ಯವಸ್ಥೆ) ಆನ್ ಇರತ್ತೆ, ಅದರ ಡ್ರೈವರ್ ಸಿಗದಿದ್ರೆ ಸೆಟಪ್‌ಗೆ ಎಸ್‌ಎಸ್‌ಡಿನೇ ಕಾಣಲ್ಲ, ಡಿಸ್ಕ್ ಆರಿಸೋ ಸ್ಕ್ರೀನ್ ಖಾಲಿ ಖಾಲಿ. ಆ ಹೊತ್ತಿಗೆ ಓಡ್ತಿರೋದು ಸೆಟಪ್ ನಡೆಸೋ ಪುಟ್ಟ ವಿಂಡೋಸ್ ಇರೋ ಬೂಟ್ ಡಾಟ್ ವಿಮ್, ಹಾಗಾಗಿ ಇನ್‌ಸ್ಟಾಲ್ ಡಾಟ್ ವಿಮ್‌ಗೆ ಮಾತ್ರ ಹಾಕಿದ್ರೆ ಏನೂ ಪ್ರಯೋಜನ ಇಲ್ಲ, ಬೂಟ್ ಡಾಟ್ ವಿಮ್‌ನ 2ನೇ ಇಂಡೆಕ್ಸ್‌ಗೂ ಅದೇ ಡ್ರೈವರ್ ಹೋಗ್ಬೇಕು. ಎಕ್ಸ್‌ಪಿ ಕಾಲದಲ್ಲಿ ಸಾಟಾ ಡ್ರೈವರ್‌ಗೆ ಎಫ್6 ಒತ್ತಿ ಫ್ಲಾಪಿ ಹಾಕ್ತಿದ್ವಲ್ಲ, ಹೆಚ್ಚುಕಮ್ಮಿ ಅದೇ ಕಥೆ.

ಆಪ್ ತೆಗೆಯೋದ್ರಲ್ಲಿ ನಾನು ಕಂಜೂಸ್. ಆಟ, ಜಾಹೀರಾತಿನ ಥರದ ಪ್ರೊವಿಷನ್ಡ್ ಆಪ್‌ಗಳನ್ನ (ಹೊಸ ಯೂಸರ್‌ಗೆಲ್ಲ ತಾನಾಗೇ ಬರೋವು) ತೆಗೀತೀನಿ, ಸ್ಟೋರ್, ಡಿಫೆಂಡರ್, ಅಪ್‌ಡೇಟ್ ಸರ್ವೀಸ್ ತಂಟೆಗೆ ಹೋಗಲ್ಲ. ಒಂದಷ್ಟು ಎಂಬಿ ಉಳಿಸೋಕೆ ಹೋಗಿ ಮುಂದೆ ಯಾವ್ದೋ ಅಪ್‌ಡೇಟ್ ಫೇಲ್ ಆದ್ರೆ ಕಾರಣ ಹುಡುಕೋದು ಯಾರು? ಹಿಂದಿನ ತಿದ್ದುಪಡಿಗಳನ್ನೂ ಸೇರಿಸ್ಕೊಂಡು ಬರೋ ಕ್ಯುಮುಲೇಟಿವ್ ಅಪ್‌ಡೇಟ್‌ನ ಎಂಎಸ್‌ಯು ಫೈಲ್ ಕೂಡ ಹೀಗೇ ಸೇರಿಸ್ಬೋದು, ಆದ್ರೆ ವಿಂಡೋಸ್ 11ರ 24ಎಚ್2 ಆವೃತ್ತಿಯಿಂದ ಚೆಕ್‌ಪಾಯಿಂಟ್ ಅಪ್‌ಡೇಟ್ (ಮುಂದಿನ ಅಪ್‌ಡೇಟ್‌ಗಳಿಗೆ ಬುನಾದಿ ಆಗೋದು) ಅಂತ ಬಂದಿದೆ, ಹಳೇ ಚೆಕ್‌ಪಾಯಿಂಟ್ ಫೈಲ್‌ಗಳೂ ಬೇಕಿದ್ರೆ ಹೊಸದರ ಜೊತೆ ಒಂದೇ ಫೋಲ್ಡರ್‌ನಲ್ಲಿ ಇಟ್ಟಿರ್ಬೇಕು.

ಕೊನೆಗೆ ಕಮಿಟ್, ಅಂದ್ರೆ ಬದಲಾವಣೆ ಉಳಿಸು, ಅಂತ ಹೇಳಿ ಅನ್‌ಮೌಂಟ್. ಆಗ ಮೌಂಟ್ ಮಾಡಿದ್ದ ಫೋಲ್ಡರ್ ಎಕ್ಸ್‌ಪ್ಲೋರರ್‌ನಲ್ಲಿ ತೆರೆದಿದ್ರೆ ಅಥವಾ ಕಮಾಂಡ್ ಪ್ರಾಂಪ್ಟ್ ಅದರೊಳಗೇ ಕೂತಿದ್ರೆ ಅನ್‌ಮೌಂಟ್ ಅರ್ಧಕ್ಕೆ ನಿಂತು ಎರರ್ ಕೊಡತ್ತೆ, ಎಲ್ಲಾ ಕ್ಲೋಸ್ ಮಾಡಿ ಮತ್ತೆ ಕಮಾಂಡ್ ಕೊಡಿ ಅಷ್ಟೇ.

ಐಎಸ್‌ಓ ಕಟ್ಟೋಕೆ ಎಡಿಕೆ (ಮೈಕ್ರೋಸಾಫ್ಟ್‌ನ ಇನ್‌ಸ್ಟಾಲ್ ಟೂಲ್‌ಗಳ ಕಟ್ಟು) ಜೊತೆ ಬರೋ ಓಎಸ್‌ಸಿಡಿಐಎಂಜಿ (oscdimg) ಬಳಸ್ತೀನಿ, ಕಂಪ್ಯೂಟರ್ ಶುರು ಮಾಡೋ ಹಳೇ ಬಯಾಸ್‌ಗೊಂದು, ಅದರ ಹೊಸ ರೂಪ ಯುಇಎಫ್‌ಐಗೊಂದು ಅಂತ ಎರಡು ಬೂಟ್ ಫೈಲ್ ತೋರಿಸ್ಬೇಕು, ಒಂದು ಬಿಟ್ರೆ ಆ ಕಡೆ ಮಶೀನ್‌ಗಳಲ್ಲಿ ಬೂಟ್ ಆಗಲ್ಲ. ಆಮೇಲೆ ವರ್ಚುವಲ್ ಮಶೀನ್‌ನಲ್ಲಿ (ಕಂಪ್ಯೂಟರ್ ಒಳಗೇ ಸಾಫ್ಟ್‌ವೇರ್ ಮಾಡೋ ಕಂಪ್ಯೂಟರ್) ಒಂದ್ಸಲ ಪೂರ್ತಿ ಇನ್‌ಸ್ಟಾಲ್ ಮಾಡಿ ನೋಡ್ತೀನಿ. ಆದ್ರೆ ಡ್ರೈವರ್ ಸರಿ ಕೂತಿದ್ಯಾ ಅನ್ನೋದು ಅಲ್ಲಿ ತಿಳಿಯಲ್ಲ, ಅದಕ್ಕೆ ನಿಜವಾದ ಲ್ಯಾಪ್‌ಟಾಪೇ ಬೇಕು. ಯೂಸರ್ ಹೆಸ್ರು, ಟೈಮ್‌ಝೋನ್ ತಾನೇ ತುಂಬೋ ಹಾಗೆ ಸೆಟಪ್ ಕೇಳೋ ಪ್ರಶ್ನೆಗೆ ಉತ್ತರ ಬರೆದಿಟ್ಟ ಆಟೋಅನ್‌ಅಟೆಂಡ್ ಫೈಲೂ ಇಟ್ಟಿದೀನಿ, ಆದ್ರೆ ಡಿಸ್ಕ್ ಅಳಿಸೋ ಭಾಗ ಮಾತ್ರ ಬರೆದಿಲ್ಲ, ಬರೆದಿಟ್ರೆ ಯಾರೋ ಗೊತ್ತಿಲ್ಲದೆ ಆ ಪೆನ್‌ಡ್ರೈವ್‌ನಿಂದ ಬೂಟ್ ಮಾಡಿದ್ರೆ ಒಂದು ಮಾತೂ ಕೇಳದೆ ಡೇಟಾ ಎಲ್ಲಾ ಹೋಗ್ಬಿಡತ್ತೆ.

ಸಿಂಗಲ್ ಲೇಯರ್ ಡಿವಿಡಿಯ 4.7 ಜಿಬಿಗೆ ಈಗಿನ ಐಎಸ್‌ಓ ಹಿಡಿಸೋದು ಕಷ್ಟ, ಅದಕ್ಕೆ ಪೆನ್‌ಡ್ರೈವೇ ಗತಿ. ಯುಇಎಫ್‌ಐಗೆ ಅಂತ ಫ್ಯಾಟ್32 ಫಾರ್ಮ್ಯಾಟ್ ಮಾಡಿದ್ರೆ 4 ಜಿಬಿಗಿಂತ ದೊಡ್ಡ ಫೈಲ್ ಕೂರಲ್ಲ, ಆಗ ಡಿಸ್ಮ್‌ನಲ್ಲೇ ವಿಮ್‌ನ 3800 ಎಂಬಿ ಲೆಕ್ಕದಲ್ಲಿ ಎಸ್‌ಡಬ್ಲ್ಯುಎಂ ಅನ್ನೋ ತುಂಡು ಫೈಲ್‌ಗಳಾಗಿ ಮಾಡಿ ಸೋರ್ಸಸ್‌ಗೆ ಹಾಕಿ, ದೊಡ್ಡ ವಿಮ್ ತೆಗೆದುಬಿಡಿ. ಉಳಿದ ತುಂಡು ಎಲ್ಲಿದೆ ಅಂತ ಸೆಟಪ್ ತಾನೇ ಹುಡುಕ್ಕೊಳತ್ತೆ.